ಬೂದು ಸವತಿ

ಶವವನ್ನು ಗಾಡಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದಾಗ ಮುದುಕಿ ಅಡ್ಡ ನಿಂತಳು. ಈ ಬೂದು ಹೆಣ್ಣು ಕುದುರೆ ಬೇಡ, ಬೇರೆ ಯಾವುದಾದರೂ ಕಟ್ಟಿ ಎಂದಳು. ಸತ್ತವನು ಅವಳ ಗಂಡ, ಕುದುರೆಗಳಿಗೆ ಲಾಳ ಕಟ್ಟುವವನು. ಊರಿನ ಕುದುರೆಗಳೆಲ್ಲ ಅವನ ಮುಂದೆ ಕಾಲು ಎತ್ತಿದವೇ. ಆದರೆ ಅವಳ ಹೊಟ್ಟೆ ಉರಿಸಿದ್ದು ಇದೊಂದೇ.

"ಹಾಗನ್ನಬೇಡಿ ಅಮ್ಮಾ," ಎಂದ ಗಾಡಿಯವನು. "ಇದರ ಕಾಲು ಉಳಿಸಿದ್ದೇ ಅವರು. ಇದು ಎಳೀದೆ ಇನ್ಯಾವುದು ಎಳೀಬೇಕು?"

"ನಾನೂ ಅದನ್ನೇ ಹೇಳ್ತಿರೋದು. ಬದುಕಿದ್ದಾಗ್ಲೂ ಅವಳೇ, ಈಗ್ಲೂ ಅವಳೇನಾ?"

ಮಗಳು ತಾಯಿಯ ರಟ್ಟೆ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದಳು. ಗಾಡಿ ಹೊರಟಿತು.

*

ಕುದುರೆ ಮೊದಲ ಸಲ ಬಂದಾಗ ಕುಂಟುತ್ತಿತ್ತು. ಯಾರೋ ಗೊರಸಿನ ತುದಿ ಉದ್ದ ಬಿಟ್ಟು, ಹಿಮ್ಮಡಿ ತಗ್ಗಾಗುವಂತೆ ಲಾಳ ಹೊಡೆದಿದ್ದರು. ಹೆಜ್ಜೆಹೆಜ್ಜೆಗೂ ಜಗ್ಗಿ ಜಗ್ಗಿ ಕಾಲಿನ ಹಿಂದಿನ ನರ ಊದಿಕೊಂಡಿತ್ತು. ಅವನು ತುದಿ ಸವರಿ, ಹಿಮ್ಮಡಿಯನ್ನು ತುಸು ಎತ್ತರಿಸುವ ಲಾಳ ಕಟ್ಟಿದ. ಹಾಗೆಂದು ಆ ಎತ್ತರವನ್ನು ಹಾಗೇ ಬಿಡುವಂತಿರಲಿಲ್ಲ. ಎತ್ತರಿಸಿದರೆ ಆ ನರಕ್ಕೆ ಆರಾಮ, ಆದರೆ ಕೀಲು ಹಿಡಿದಿರುವ ಇನ್ನೊಂದು ನರದ ಮೇಲೆ ಭಾರ ಬೀಳುತ್ತದೆ ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ಸಲಸಲಕ್ಕೂ ಲಾಳ ಬದಲಿಸಿ ಎತ್ತರ ಇಳಿಸುತ್ತಾ ಬಂದ. ದಿನಾ ಸಂಜೆ ಗಾಡಿ ಅಂಗಡಿಯೆದುರು ನಿಂತಾಗ ಅದರ ಮೊಣಕಾಲಿನಿಂದ ಕೆಳಕ್ಕೆ ಹೆಬ್ಬೆರಳು ಜಾರಿಸುತ್ತಿದ್ದ. ಬಿಸಿ ಇದ್ದರೆ ನೋವಿದೆ ಎಂದು ಲೆಕ್ಕ. ಅಷ್ಟು ಮೆತ್ತಗೆ ಅವನು ಹೆಂಡತಿಯನ್ನು ಎಂದೂ ಮುಟ್ಟಿದವನಲ್ಲ. ಕಿಟಕಿಯಲ್ಲಿ ನಿಂತು ನೋಡುತ್ತಾ ಅವಳು ಕುದಿಯುತ್ತಿದ್ದಳು.

ಒಂದು ದಿನ ಕೇಳಿಯೇಬಿಟ್ಟಳು. "ನನ್ನ ಹಿಮ್ಮಡಿನೂ ನೋಯುತ್ತೆ. ಯಾವತ್ತಾದ್ರೂ ಮುಟ್ಟಿ ನೋಡಿದೀರಾ?"

"ನಿನಗೆ ಬಾಯಿದೆಯಲ್ಲ, ನೋವಾದ್ರೆ ಹೇಳ್ತೀಯ," ಎಂದು ಅವನು ನಕ್ಕ. "ಅದಕ್ಕೆಲ್ಲಿದೆ?"

ಅಂದಿನಿಂದ ಅವಳು ಕಾಲುನೋವಿನ ಮಾತೇ ಎತ್ತಲಿಲ್ಲ. ಹೇಳದೆಯೇ ತಿಳಿಯಲಿ ಎಂದು ಹಟ ಹಿಡಿದು, ಕುಂಟಿಕೊಂಡೇ ಊಟ ಬಡಿಸಿದಳು. ಅವನಿಗೆ ತಿಳಿಯಲೇ ಇಲ್ಲ.

*

ಮನೆಯಿಂದ ನಾಲ್ಕು ಹೆಜ್ಜೆ ಆಚೆ, ಅವನ ಲಾಳದ ಅಂಗಡಿಯ ಎದುರು ಬರುತ್ತಲೇ ಕುದುರೆ ನಿಂತಿತು. ಹಳೆಯ ಅಭ್ಯಾಸದಂತೆ ಮುಂಗಾಲು ಎತ್ತಿ ಕಾಯತೊಡಗಿತು. ಗಾಡಿಯವನು ಗದರಿಸಿದ, ಪುಸಲಾಯಿಸಿದ, ಲಗಾಮು ಜಗ್ಗಿದ. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಯಾರಾದರೂ ಮುಟ್ಟಿ ನೋಡುವ ತನಕ ಇದು ಕಾಲು ಇಳಿಸುವುದಿಲ್ಲ ಎಂದು ಅವನು ಕೈಚೆಲ್ಲಿದ.

ಗಾಡಿಯ ಹಿಂದೆ ನಡೆದು ಬಂದಿದ್ದ ಮುದುಕಿಗೆ ಮೈಯೆಲ್ಲಾ ಉರಿಯಿತು. ಅವನ ಹೆಣ ಹೊತ್ತು ನಿಂತಾಗಲೂ ಇವಳ ವೈಯಾರ ಬಿಟ್ಟಿಲ್ಲವಲ್ಲ ಎನಿಸಿತು. ಕುಂಟುತ್ತಾ ಮುಂದೆ ಬಂದು ಬಗ್ಗಿದಳು. ಕಿಟಕಿಯಿಂದ ನೋಡಿ ನೋಡಿ ಕೈಗೆ ಎಲ್ಲ ಗೊತ್ತಿತ್ತು. ಹೆಬ್ಬೆರಳನ್ನು ಕೆಳಕ್ಕೆ ಜಾರಿಸಿದಳು. ನರ ತಣ್ಣಗಿತ್ತು, ಬಿಗಿದ ಹಗ್ಗದಂತೆ ನೆಟ್ಟಗಿತ್ತು.

"ನಿನಗೇನೂ ಆಗಿಲ್ಲ. ನಡಿಯೇ," ಎಂದಳು.

ಕುದುರೆ ಕಾಲಿಳಿಸಿ ನಡೆಯಿತು. ಜನ ಹಿಂದೆ ಹೊರಟರು. ಮುದುಕಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕಳಚಿದಳು. ಅದೇ ಹೆಬ್ಬೆರಳನ್ನು ತನ್ನ ಕಾಲಿನ ಹಿಂದೆ, ಮೇಲಿನಿಂದ ಹಿಮ್ಮಡಿಯವರೆಗೆ, ಮೆತ್ತಗೆ ಜಾರಿಸಿದಳು. ಬಿಸಿಯಿತ್ತು.