ಆರೋಪಿಯ ಪರ ಏಕೈಕ ಸಾಕ್ಷಿ

“ಎಗ್ರಿ ಒದ್ದ ನೋಡಿ ಸ್ವಾಮಿ, ಎದೆಗೇ!” ಎಂದು ಕಟಕಟೆಯೊಳಗೆ ಚನ್ನೇಶ್ ಕಾಲೆತ್ತಿ ತೋರಿಸಿದಾಗ ವಕೀಲೆ ಸ್ವಾತಿ ಕಣ್ಣು ಮುಚ್ಚಿಕೊಂಡಳು. ಅವನು ಆರೋಪಿಯ ಗೆಳೆಯ, ಅವಳದೇ ಕಡೆಯ ಸಾಕ್ಷಿ.

ಕಂಡದ್ದಷ್ಟೇ ಹೇಳಿ ಎಂದು ಮೂರು ದಿನದಿಂದ ಬಡಿದುಕೊಂಡಿದ್ದಳು. ಕಂಡದ್ದು ಇಷ್ಟೇ: ಅರಸೀಕೆರೆಯ ಕೊಬ್ಬರಿ ಮಂಡಿಯ ಮುಂದೆ ವ್ಯಾಪಾರಿಯ ಮಗ ಉದಯಕುಮಾರ್, ಜೆರಾಕ್ಸ್ ಅಂಗಡಿಯ ಚಿತ್ರಾಳ ದುಪಟ್ಟಾ ಎಳೆದ. ಅವಳು ಒಳಗೋಡಿ ಷಟರ್ ಎಳೆದುಕೊಂಡಳು. ಅವಳನ್ನು ಮದುವೆಯಾಗಬೇಕಿದ್ದ ಹಮಾಲಿ ಭೀಮರಾಜ್ ಅಡ್ಡ ಬಂದು ಏಟು ತಿಂದು, ಓಡಿಹೋಗಿ ಮೂಟೆಗಳ ಹಿಂದೆ ಕೂತ. ಅಟ್ಟಿಸಿಕೊಂಡು ಬಂದ ಉದಯಕುಮಾರ್ ತಾನೇ ಎಡವಿ, ತೂಕದ ಯಂತ್ರದ ಮೇಲೆ ಬಿದ್ದು ಹಲ್ಲು ಮುರಿದುಕೊಂಡ. ಹೊಡೆದನೆಂಬ ಕೇಸು ಮಾತ್ರ ಭೀಮರಾಜನ ಮೇಲೆ ಬಿತ್ತು. ಶಿಕ್ಷೆಯಾದರೆ ಮಗಳನ್ನು ಕೊಡುವುದಿಲ್ಲವೆಂದು ಚಿತ್ರಾಳ ತಂದೆ ಜವರಪ್ಪ ಹೇಳಿಯಾಗಿತ್ತು.

ಆದರೆ ಚನ್ನೇಶ್ ಹಾರನಹಳ್ಳಿಯ ಟೆಂಟಿನಲ್ಲಿ ಹಳೆಯ ಹಿಂದಿ ಸಿನಿಮಾವೊಂದನ್ನು ಹತ್ತೊಂಬತ್ತು ಸಲ ನೋಡಿದವನು. ಅದರಲ್ಲಿ ನಾಯಕ ಪ್ರೇಯಸಿಗಾಗಿ ನಾಲ್ವರನ್ನು ಚಚ್ಚುತ್ತಾನೆ, ಕೋರ್ಟಿನಲ್ಲಿ ಗುಡುಗುತ್ತಾನೆ, ಜಡ್ಜು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಹಿಂದಿ ಅರ್ಥವಾಗದಿದ್ದರೂ ನ್ಯಾಯ ಹೇಗೆ ಸಿಗುತ್ತದೆಂಬುದು ಅವನಿಗೆ ಅರ್ಥವಾಗಿಬಿಟ್ಟಿತ್ತು.

“ಆರೋಪಿಯು ಹಾರಿ ದೂರುದಾರನ ಎದೆಗೆ ಒದ್ದನು,” ಎಂದು ನ್ಯಾಯಾಧೀಶರು ಬೆರಳಚ್ಚುಗಾರ್ತಿಗೆ ಬರೆಸಿದರು. ಅಷ್ಟು ದೊಡ್ಡ ಗುಡುಗು ಒಂದು ಸಾಲಾಗಿ ಒಣಗಿತು.

“ಆಮೇಕೆ ನಾಕ್ ಜನ ಬಂದ್ರು ಸ್ವಾಮಿ. ಡಿಶುಂ! ಒಬ್ಬ ಅಲ್ ಬಿದ್ದ...”

“ನಾಲ್ಕು ಜನ ಎಲ್ಲಿಂದ ಬಂದ್ರು? ದೂರಿನಲ್ಲಿ ಒಬ್ಬರೇ ಇದ್ದಾರೆ,” ಎಂದರು ನ್ಯಾಯಾಧೀಶರು.

“ಮಿಕ್ಕೋರು ಹೆದ್ರಿ ದೂರು ಕೊಟ್ಟಿಲ್ಲ ಸ್ವಾಮಿ.”

ಸರ್ಕಾರಿ ವಕೀಲರು ಎದ್ದರು. “ನನ್ನ ಪಾಟೀಸವಾಲು ಏನೂ ಇಲ್ಲ. ಇವರೇ ನನ್ನ ಕೆಲಸ ಮುಗಿಸಿಕೊಟ್ಟರು.”

ಈ ಸಾಕ್ಷಿ ಸಾಕಪ್ಪಾ ಸಾಕು ಅನ್ನಿಸಿ ಸ್ವಾತಿ ಆರೋಪಿಯ ಕಡೆ ನೋಡಿದರೆ, ಅವನ ಎದೆ ಎರಡಿಂಚು ಉಬ್ಬಿತ್ತು.

ಊಟದ ಬಿಡುವಿನಲ್ಲಿ ಇಬ್ಬರನ್ನೂ ಮೂಲೆಗೆ ಎಳೆದೊಯ್ದಳು. “ಏನ್ರೀ ಚನ್ನೇಶ್, ಇವ್ರನ್ನ ಬಿಡ್ಸೋಕ್ ಬಂದಿದೀರೋ, ಒಳಗ್ ಹಾಕ್ಸೋಕೋ?”

“ಚಿತ್ರಾ ಅಲ್ಲೇ ಕುಂತವ್ಳೆ ಮೇಡಂ. ಒಂದ್ ವರ್ಷದಿಂದ ಒದ್ದ, ಒದ್ದ ಅಂತಾನೇ ಅವ್ಳಿಗ್ ಹೇಳಿವ್ನಿ. ಈಗ ಮೂಟೆ ಹಿಂದೆ ಕುಂತಿದ್ದ ಅಂತ ಹೆಂಗ್ ಹೇಳ್ಲಿ?”

“ಒದ್ದ ಅಂತಾನೇ ಇರ್ಲಿ ಬುಡಿ ಮೇಡಂ,” ಎಂದ ಭೀಮರಾಜ್, ನೆಲ ನೋಡುತ್ತ.

“ಇರ್ಲಿ? ಹೀರೋ ಆಗಿ ಜೈಲಲ್ಲಿ ಮುದ್ದೆ ಮುರೀರಿ! ಅವ್ಳನ್ನ ಇನ್ಯಾರೋ ಕಟ್ಕೊಳ್ಲಿ!”

ಮಧ್ಯಾಹ್ನ ಸ್ವಾತಿ ಅನುಮತಿ ಬೇಡಿ, ಚನ್ನೇಶನನ್ನು ಮತ್ತೆ ಕಟಕಟೆಗೆ ಕರೆಸಿ ಒಂದೇ ಪ್ರಶ್ನೆ ಕೇಳಿದಳು: “ಒದ್ದದ್ದನ್ನ ನೀವು ಕಣ್ಣಾರೆ ನೋಡಿದ್ರಾ?”

ಚನ್ನೇಶ್ ಗೆಳೆಯನನ್ನು ನೋಡಿದ.

“ಹೇಳ್ಲಾ ಚನ್ನ,” ಎಂದಿತು ಆರೋಪಿಯ ಜಾಗದಿಂದ ಒಂದು ದನಿ. “ಇದ್ದಂಗೇ ಹೇಳ್ಬುಡು.”

“ಆರೋಪಿ ಸುಮ್ಮನಿರಬೇಕು,” ಎಂದರು ನ್ಯಾಯಾಧೀಶರು.

“ಒದಿಲಿಲ್ಲ ಸ್ವಾಮಿ. ಓಡ್ದ. ಮೂಟೆ ಹಿಂದೆ ಕುಂತ್ಕಂಡ.” ಚನ್ನೇಶನ ದನಿ ಈಗ ಅವನದೇ ಆಗಿತ್ತು. “ಅಳ್ತಿದ್ದ.”

“ಬೆಳಗ್ಗೆ ಹೇಳಿದ್ದು?” ಎಂದರು ನ್ಯಾಯಾಧೀಶರು.

“ಅದು ಸಿನಿಮಾದ್ದು.”

ನ್ಯಾಯಾಧೀಶರು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು.

“ಈಗ ನನ್ನ ಪಾಟೀಸವಾಲು ಇದೆ,” ಎಂದು ಸರ್ಕಾರಿ ವಕೀಲರು ಹಾರಿ ನಿಂತರು. “ಎರಡರಲ್ಲಿ ಯಾವುದನ್ನ ನಂಬೋದು?”

“ಹೊಡ್ದ ಅಂತ ಸುಳ್ ಹೇಳ್ಬೋದು ಸ್ವಾಮಿ. ಫ್ರೆಂಡು ಅತ್ತ ಅಂತ ಯಾರ್ ಸುಳ್ ಹೇಳ್ತಾರೆ?”

ಯಾರೂ ನಗಲಿಲ್ಲ. “ಆರೋಪಿಯು ಮೂಟೆಗಳ ಹಿಂದೆ ಕುಳಿತು ಅಳುತ್ತಿದ್ದನು,” ಎಂದು ನ್ಯಾಯಾಧೀಶರು ನಿಧಾನವಾಗಿ ಬರೆಸಿದರು. ತೀರ್ಪಿಗೆ ಹದಿನೈದು ದಿನದ ನಂತರದ ತಾರೀಖು ಕೊಟ್ಟರು.

ಹೊರಗೆ ಭೀಮರಾಜ್ ಕಂಬದ ಮರೆಯಲ್ಲಿ ನಿಂತಿದ್ದ. ಚಿತ್ರಾ ನೇರ ಅಲ್ಲಿಗೇ ಬಂದಳು. ಜವರಪ್ಪ ಮೆಟ್ಟಿಲ ಮೇಲೆ ನಿಂತು “ಬಸ್ ಹೊಂಟೋಯ್ತದೆ ಕಣೇ” ಎಂದು ಕೂಗಿದ. ಅವಳು ತಿರುಗಲಿಲ್ಲ.

“ಎಲ್ಲಿಗ್ ಬಿತ್ತು ಅವತ್ತು ಏಟು?”

ಅವನು ಕಿವಿಯ ಹಿಂದೆ ಬೆರಳಿಟ್ಟ. ಅವಳು ಆ ಬೆರಳನ್ನು ಸರಿಸಿ, ಕೂದಲು ಬಿಡಿಸಿ, ಬೆಳಕಿಗೆ ಅವನ ತಲೆಯನ್ನು ಸ್ವಲ್ಪ ಬಗ್ಗಿಸಿ ನೋಡತೊಡಗಿದಳು.