ಮೂರು ಎನ್ನುವ ಮೊದಲು

ಒದ್ದೆ ಬೆಡ್‌ಶೀಟುಗಳ ಬಿಸಿ ವಾಸನೆ, ಲಾಂಡ್ರಿಯ ಗೋಡೆ ಬೆವರುತ್ತಿದೆ, ಬುಟ್ಟಿಯ ಆ ಹಿಡಿಕೆಗೆ ಇಸ್ತ್ರಿಯಕ್ಕನ ಕೈ, ಈ ಹಿಡಿಕೆಗೆ ಅವಳದು, ಒಂದು, ಎರಡು ಎಂದಳು ಇಸ್ತ್ರಿಯಕ್ಕ, ಅಷ್ಟೇ, ಬೆನ್ನಿನ ಬುಡದಲ್ಲಿ ಕೊಕ್ಕೆ ಸಿಕ್ಕಿಸಿ ಎಳೆದಂತಾಯಿತು, ಕಣ್ಣೆದುರು ಗಾಳಿಯಲ್ಲಿ ಬಿಡಿಸಿದ ಐದು ಬೆರಳು, ಬುಟ್ಟಿ ಇನ್ನೂ ನೆಲ ಬಿಟ್ಟಿರಲೇ ಇಲ್ಲ. ಎತ್ತೋಕ್ಕಿಂತ ಮುಂಚೇನೇ ನೋವಾ, ಬಲು ಚುರುಕು ಕಣೆ ನಿನ್ ಬೆನ್ನು, ಎಂದು ಇಸ್ತ್ರಿಯಕ್ಕ ನಕ್ಕಳು, ಅವಳೂ ನಕ್ಕಳು, ನಗದಿದ್ದರೆ ಮಾತಾಡಬೇಕಾಗುತ್ತದೆ— ಮೊನ್ನೆ ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು ಹೇಳಿದ್ದರು, ಬೆನ್ನು ವಾಸಿಯಾಗಿ ವರ್ಷವಾಗಿದೆ, ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ, ಇಲ್ಲಮ್ಮ, ನೋವು ನಿಜ, ಆದ್ರೆ ಹುಟ್ಟಿಸ್ತಿರೋದು ಬೆನ್ನಲ್ಲ, ಮೆದುಳು, ಒಂದ್ಸಲ ಹೆದರಿದ್ದು ಇನ್ನೂ ಕಾವಲು ಕೂತಿದೆ, ಯಾವುದಕ್ಕೆ ಬೆಚ್ಚತ್ತೆ ಅಂತ ನೀವೇ ಗಮನಿಸಿ.

ಗಮನಿಸುವುದೇನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಮೇಲೆ ಅವಳು ಮಾಡಿದ್ದೆಲ್ಲ ಅದೇ, ಕಾಲು ಸ್ವಾಧೀನವಿಲ್ಲದ ಅಮ್ಮನ ಮುಖ ಗಮನಿಸುವುದು, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಅಮ್ಮ ಎರಡೂ ಕೈಯನ್ನು ಅವಳ ಕುತ್ತಿಗೆಯ ಹಿಂದೆ ಹೆಣೆಯಬೇಕು, ಮೂರಕ್ಕೆ ಎತ್ತಬೇಕು, ಎಣಿಸುವುದು ಅಮ್ಮನ ಪಾಲಿನ ಕೆಲಸ, ಮೂರು ಅನ್ನದೆ ಎತ್ತಬೇಡ ಮಾರಾಯ್ತಿ, ನಾನೇನು ಗೋಣಿಚೀಲನಾ— ಎಂಟು ವರ್ಷ ತಪ್ಪಿರಲಿಲ್ಲ, ಆ ದಿನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಅಮ್ಮ ಎರಡು ಎಂದಳು, ಅವಳು ಎತ್ತಿಬಿಟ್ಟಳು, ಒಂದು ಕೈ ಕುತ್ತಿಗೆಗೆ ಬಂದಿತ್ತು, ಇನ್ನೊಂದು ಬಂದಿರಲಿಲ್ಲ, ಅಮ್ಮ ಜಾರಿದಳು, ಹಿಡಿಯಲು ಹೋಗಿ ಬೆನ್ನು ಕಳಕ್ ಎಂದಿತು, ಆಮೇಲೆ ಕಳಕ್ ಎಂದದ್ದನ್ನು ಅಣ್ಣನಿಗೆ ಹೇಳುವಾಗ ಅವಳು ಮೊದಲಿಗೆ ತಂದಿಟ್ಟಳು, ಬೆನ್ನು ಹಿಡ್ಕೊಂತು ಅಣ್ಣ, ಅದಕ್ಕೇ ಅಮ್ಮ ಬಿದ್ಲು. ಹನ್ನೊಂದು ದಿನಕ್ಕೆ ಅಮ್ಮ ಹೋದಳು. ನಿಂದೇನು ತಪ್ಪು ಬಿಡು, ಎಂದ ಅಣ್ಣ, ಅವಳ ತಲೆ ಸವರಿದ, ತಪ್ಪನ್ನು ಬೆನ್ನು ಹೊತ್ತುಕೊಂಡಿತು, ಇವತ್ತಿಗೂ ಇಳಿಸಿಲ್ಲ, ಇಳಿಸಿದರೆ ಎಲ್ಲಿಡಬೇಕು ಅದನ್ನು— ಅದು ಬೆಚ್ಚೋದು ಭಾರಕ್ಕಲ್ಲ ಡಾಕ್ಟರಮ್ಮ, ಬಗ್ಗಿದ್ದಕ್ಕೂ ಅಲ್ಲ, ಗಮನಿಸಿದೆ, ಎಣಿಕೆಗೆ.

ಏನೇ ಕನಸಾ, ಈ ಸಲ ನೀನೇ ಎಣಿಸು, ಎನ್ನುತ್ತಾಳೆ ಇಸ್ತ್ರಿಯಕ್ಕ. ಹಿಡಿಕೆ ಬೆಚ್ಚಗಿದೆ, ಒಂದು, ಎನ್ನುತ್ತಾಳೆ ಅವಳು, ಎರಡು, ಮುಂದಿನದು ನಾಲಿಗೆಗೆ ಬರಬೇಕು, ಅಮ್ಮನೇ ಅನ್ನಬೇಕು ಅದನ್ನು, ಎರಡು— ಗಾಳಿಯಲ್ಲಿ ಆ ಕೈ, ಅರ್ಧ ದಾರಿಗೆ ಬಂದ ಕೈ, ಬಿಡಿಸಿದ ಐದು ಬೆರಳು