ಹಗ್ಗದ ಆ ತುದಿ

ಹಗ್ಗ ಹಿಡಿಯುವವನ ಅಂಗೈಯಲ್ಲಿ ರೇಖೆಗಳು ಉಳಿಯುವುದಿಲ್ಲ. ಶಾಸ್ತ್ರ ಹೇಳುವವನೊಬ್ಬ ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನೀನು ಇನ್ನೂ ಹುಟ್ಟಿಯೇ ಇಲ್ಲ ಎಂದು ಹೇಳಿ ದಕ್ಷಿಣೆ ವಾಪಸ್ ಕೊಟ್ಟ. ನಂಬದವರು ಬಂದು ಕೈ ನೋಡಬಹುದು.

ದೇವಸ್ಥಾನದ ಉತ್ಸವದಲ್ಲಿ ಜನರನ್ನು ತಡೆದು ನಿಲ್ಲಿಸುವುದು ನಮ್ಮ ಕೆಲಸ. ಕಬ್ಬಿಣದ ಬೇಲಿ ಬಾಡಿಗೆಗೆ ತಂದರೆ ಖರ್ಚು ಜಾಸ್ತಿ, ಮನುಷ್ಯರು ಅಗ್ಗ. ಹಾಗಾಗಿ ತೋಳುಗಾತ್ರದ ನಾರಿನ ಹಗ್ಗವೊಂದನ್ನು ಕೊಟ್ಟು ಅದರುದ್ದಕ್ಕೂ ನಮ್ಮನ್ನು ನಿಲ್ಲಿಸುತ್ತಿದ್ದರು. ಹಗ್ಗದ ಈ ಕಡೆ ಸಾಮಾನ್ಯ ಸಾಲು. ಆ ಕಡೆ ಕೆಂಪು ಜಮಖಾನ ಹಾಸಿದ ಖಾಲಿ ದಾರಿ, ವಿಶೇಷ ಅತಿಥಿಗಳಿಗೆ. ಅತಿಥಿಗಳಿಲ್ಲದ ಹೊತ್ತಿನಲ್ಲಿ ಅಲ್ಲೊಂದು ಬೆಕ್ಕು ಕಾಲು ಚಾಚಿ ಮಲಗಿರುತ್ತಿತ್ತು. ಈ ಕಡೆ ಒಂಟಿಕಾಲಲ್ಲಿ ನಿಂತವರು ಅದನ್ನೇ ನೋಡುತ್ತಿದ್ದರು.

ನೂಕುನುಗ್ಗಲು ಹೇಗಿತ್ತೆಂದರೆ, ನನ್ನ ಮೂಗು ತುರಿಸಿದರೆ ಯಾರದೋ ಕೈ ಬಂದು ಕೆರೆದು ಹೋಗುತ್ತಿತ್ತು. ಒಬ್ಬಾತ ಹೆಬ್ಬಾಗಿಲಲ್ಲಿ ನಿದ್ದೆಹೋದವನು ಗರ್ಭಗುಡಿಯ ಮುಂದೆ ಎಚ್ಚರಗೊಂಡ. ಅಲ್ಲಿಯವರೆಗೆ ಅವನ ಕಾಲು ನೆಲ ಮುಟ್ಟಿರಲಿಲ್ಲ. ಸಾಲಿನಲ್ಲಿ ಪರಿಚಯವಾದ ಎರಡು ಸಂಸಾರದವರು ಹೆಣ್ಣು ಗಂಡು ನೋಡಿ, ಮಾತು ಮುಗಿಸಿ, ಬೀಗರಾಗಿ, ದೇವರ ಮುಂದೆ ಬರುವ ಹೊತ್ತಿಗೆ ಜಗಳಾಡಿ ಮಾತು ಬಿಟ್ಟಿದ್ದರು.

ಅಷ್ಟು ಜನರ ನಡುವೆ ನಮಗೆ ಮಾತಾಡಲು ಯಾರೂ ಇರಲಿಲ್ಲ. ಧ್ವನಿವರ್ಧಕದ ಅಬ್ಬರಕ್ಕೆ ಪಕ್ಕದವನು ಕೂಗಿದರೂ ಬಾಯಷ್ಟೇ ಕಾಣುತ್ತಿತ್ತು. ಅದಕ್ಕೇ ತುದಿಯಣ್ಣ ಹಗ್ಗಕ್ಕೆ ಮಾತು ಕಲಿಸಿದ.

ಅವನು ನಿಲ್ಲುತ್ತಿದ್ದುದು ಹಗ್ಗದ ಕೊನೆಯಲ್ಲಿ, ಗುಡಿಯ ಮೆಟ್ಟಿಲ ಹತ್ತಿರ. ಹಾಗಾಗಿ ತುದಿಯಣ್ಣ. ಈ ತುದಿಯಲ್ಲಿ, ಹೆಬ್ಬಾಗಿಲ ಬಳಿ, ನಾನು. ನನ್ನನ್ನು ಯಾರೂ ತುದಿಯಣ್ಣ ಅನ್ನಲಿಲ್ಲ, ಅದು ಬೇರೆ ವಿಷಯ. ಅವನು ಮಾಡಿದ ಕಾನೂನು ಸುಲಭ. ಒಂದು ಸಲ ಜಗ್ಗಿದರೆ ಬಿಗಿ ಮಾಡು. ಎರಡು ಸಲ ಜಗ್ಗಿದರೆ ಸಡಿಲ ಬಿಡು. ಮೂರು ಸಲ ಜಗ್ಗಿದರೆ ಯಾರೋ ಸಾಯುತ್ತಿದ್ದಾರೆ, ಯಾಕೆ ಏನು ಎಂದು ಕೇಳದೆ ಕೈಬಿಡು. ಒಬ್ಬನ ಕೈಗೆ ಬಂದದ್ದನ್ನು ಅವನು ಮುಂದಿನವನಿಗೆ ದಾಟಿಸುತ್ತಿದ್ದ.

ಇದಲ್ಲದೆ ಇನ್ನೊಂದಿತ್ತು. ಜನ ಕೊಂಚ ತೆಳುವಾದಾಗ ಆ ತುದಿಯಿಂದ ಮೆಲ್ಲಗೆ, ತೊಟ್ಟಿಲು ತೂಗಿದ ಹಾಗೆ, ಒಂದು ಎಳೆತ ಬರುತ್ತಿತ್ತು. ಇದೀಯಾ ಎಂದು ಅದರರ್ಥ. ನಾನೂ ಮೆಲ್ಲಗೆ ಎಳೆಯುತ್ತಿದ್ದೆ. ಇದೀನಿ.

ನಡುವೆ ನಿಲ್ಲುತ್ತಿದ್ದ ಗಾರೆ ಕೆಲಸದವನನ್ನು ಎಲ್ಲರೂ ಭಾವ ಅನ್ನುತ್ತಿದ್ದೆವು, ಅಕ್ಕನನ್ನು ಕೊಟ್ಟವರು ಯಾರೂ ಇರಲಿಲ್ಲ. ನಿಮ್ಮಿಬ್ಬರ ಸಂಸಾರ ನನ್ನ ಅಂಗೈ ಮೇಲೆ ನಡೀತಿದೆ, ಬಾಡಿಗೆ ಕೊಡಿ ಎಂದು ಅವನು ಬೈಯುತ್ತಿದ್ದ. ಬೈದರೂ ದಾಟಿಸುತ್ತಿದ್ದ.

ಹೆಂಡತಿ ತೀರಿಕೊಂಡ ಮೇಲೆ ನನ್ನ ಕೋಣೆಯಲ್ಲಿ ಇದ್ದದ್ದು ನಾನು ಮತ್ತು ಒಂದು ಬೀಗ. ಇಬ್ಬರಲ್ಲಿ ಬೀಗವೇ ಹೆಚ್ಚು ಹೊತ್ತು ಮನೆಯಲ್ಲಿರುತ್ತಿತ್ತು. ಇದೀಯಾ ಎಂದು ನನ್ನನ್ನು ಕೇಳುತ್ತಿದ್ದದ್ದು ಆ ಹಗ್ಗ ಒಂದೇ. ತುದಿಯಣ್ಣನ ಮನೆ ಎಲ್ಲಿ, ಮಕ್ಕಳೆಷ್ಟು, ನಾನು ಕೇಳಿರಲಿಲ್ಲ. ಅಂಥ ಪ್ರಶ್ನೆಗಳಿಗೆ ಹಗ್ಗದಲ್ಲಿ ಜಗ್ಗು ಇರಲಿಲ್ಲ. ಸಂಜೆ ಹಗ್ಗ ಸುತ್ತಿಟ್ಟು ಅವನು ಆ ದಿಕ್ಕಿಗೆ ಹೋಗುತ್ತಿದ್ದ, ನಾನು ಈ ದಿಕ್ಕಿಗೆ.

ಆ ಸಲದ ಉತ್ಸವದಲ್ಲಿ ದೊಡ್ಡ ಅತಿಥಿಗಳ ತಂಡವೊಂದು ಬಂತು. ಜಮಖಾನದ ದಾರಿ ಅವರಿಗೆ ಇಕ್ಕಟ್ಟಾಯಿತಂತೆ. ಹಗ್ಗವನ್ನು ಇನ್ನೂ ಈ ಕಡೆ ತಳ್ಳಿ ಎಂದು ಸೂಪರ್‌ವೈಸರ್ ಓಡಿ ಬಂದ. ತಳ್ಳಿದೆವು. ಸಾಮಾನ್ಯ ಸಾಲಿನ ದಾರಿ ಅರ್ಧವಾಯಿತು. ಹಿಂದಿನಿಂದ ಬರುತ್ತಿದ್ದವರಿಗೆ ಅದು ಗೊತ್ತಿಲ್ಲ, ಬರುತ್ತಲೇ ಇದ್ದರು. ಹಗ್ಗ ನನ್ನ ಹೊಟ್ಟೆಯನ್ನು ಕುಯ್ಯುತ್ತಿತ್ತು. ಆಗ ಆ ತುದಿಯಿಂದ ಜಗ್ಗು ಬಂತು. ಒಂದು. ಎರಡು. ಮೂರು.

ಬಿಟ್ಟೆವು. ಕಟ್ಟೆ ಒಡೆದ ನೀರಿನಂತೆ ಜನ ಜಮಖಾನದ ಮೇಲೆ ಹರಿದರು. ಮೆಟ್ಟಿಲ ಬಳಿ ಹೆಂಗಸೊಬ್ಬಳನ್ನು ಮಲಗಿಸಿ ಗಾಳಿ ಹಾಕುತ್ತಿದ್ದರು. ತುಟಿ ನೀಲಿಯಾಗಿತ್ತು. ಆಮೇಲೆ ಎದ್ದು ಕೂತು, ನನ್ನ ಚೀಲ ಎಲ್ಲಿ ಎಂದಳು. ಸಾಯದೆ ಉಳಿದದ್ದು ಸುದ್ದಿಯಲ್ಲ. ದೊಡ್ಡವರೊಬ್ಬರ ಶಾಲು ಕಳೆದುಹೋದದ್ದು ಸುದ್ದಿ. ಅದಕ್ಕಿಂತ ದೊಡ್ಡ ಅಪರಾಧವೆಂದರೆ, ಅವರು ಜನರ ನಡುವೆ ಸಾಲಿನಲ್ಲಿ ನಿಂತು ದೇವರನ್ನು ನೋಡಬೇಕಾಯಿತು.

ಸೂಪರ್‌ವೈಸರ್ ನಮ್ಮನ್ನು ಸಾಲಾಗಿ ನಿಲ್ಲಿಸಿದ.

"ಯಾರು ಮೊದಲು ಬಿಟ್ಟಿದ್ದು?"

"ನಾನು," ಎಂದ ತುದಿಯಣ್ಣ.

"ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಂಗೆ?"

"ಆ ಹೆಂಗಸು ಉಸಿರಾಡೋಕೆ ಯಾರನ್ನ ಕೇಳಬೇಕಿತ್ತು ಸಾರ್?"

ನಾಳೆಯಿಂದ ಬರಬೇಡ ಎಂದ ಸೂಪರ್‌ವೈಸರ್. ತುದಿಯಣ್ಣ ಹೆಗಲ ಮೇಲಿನ ಟವೆಲನ್ನು ಕೊಡವಿ, ನನ್ನ ಕಡೆ ಒಮ್ಮೆ ನೋಡಿ, ಎಂದಿನ ದಿಕ್ಕಿಗೆ ನಡೆದ. ನನ್ನ ಕೈ ತಾನಾಗಿ ಮೆಲ್ಲಗೆ ಎಳೆಯಿತು. ಕೈಯಲ್ಲಿ ಹಗ್ಗವಿರಲಿಲ್ಲ.

ಮಾರನೆಯ ದಿನ ಉತ್ಸವದ ಕೊನೆಯ ದಿನ. ಹೋದರೆ, ಹಗ್ಗದ ಎರಡು ತುದಿಗಳಿಗೂ ಕಬ್ಬಿಣದ ಕಂಬ ನೆಟ್ಟಿದ್ದರು. ಮನುಷ್ಯರು ಬಿಡ್ತಾರೆ, ಕಂಬ ಬಿಡಲ್ಲ ಎಂದು ಸೂಪರ್‌ವೈಸರ್ ವೇದಾಂತ ಹೇಳಿದ. ಬಿಗಿಯಾಗಿ ಕಟ್ಟಿ, ನೀವು ಸುಮ್ಮನೆ ಒರಗಿ ನಿಲ್ಲಿ. ಕಂಬಕ್ಕೆ ಕೂಲಿಯೂ ಇಲ್ಲ, ಹಸಿವೂ ಇಲ್ಲ ಎಂದು ಖುಷಿಯಲ್ಲಿ ಅದರ ಬೆನ್ನು ಬೇರೆ ತಟ್ಟಿದ.

ಬಿಗಿದು ಕಟ್ಟಿದ ಹಗ್ಗಕ್ಕೆ ಮಾತು ಬರುವುದಿಲ್ಲ. ಅಲುಗಿಸಿ ನೋಡಿದೆ. ಅದು ಕಬ್ಬಿಣದ ಸರಳಿನಂತೆ ಸೆಟೆದು ನಿಂತಿತ್ತು. ಭಾವ ತನ್ನ ಜಾಗದಿಂದ ಬಂದು ನನ್ನ ಕಂಬದ ಗಂಟನ್ನು ಮುಟ್ಟಿ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಇದನ್ನ ಅವನು ಹೇಗೆ ಕಟ್ಟುತ್ತಿದ್ದ, ನೆನಪಿದೆಯಾ?"

ನೆನಪಿತ್ತು. ಮಧ್ಯಾಹ್ನ ಊಟಕ್ಕೆ ಹೋಗುವಾಗ ತುದಿಯಣ್ಣ ಹಗ್ಗವನ್ನು ಕಲ್ಲಿಗೆ ಕಟ್ಟಿ ಹೋಗುತ್ತಿದ್ದ. ನೋಡಿದರೆ ಆನೆ ಎಳೆದರೂ ಬಿಚ್ಚದ ಗಂಟು. ಹೊರಗೆ ಬಿಟ್ಟ ಹಗ್ಗದ ಬಾಲವನ್ನು ಒಮ್ಮೆ ಎಳೆದರೆ ಸಾಕು, ಬೆಣ್ಣೆಯಂತೆ ಜಾರುತ್ತಿತ್ತು. ನಾನು ಈ ಕಂಬದ ಗಂಟು ಬಿಚ್ಚಿ ಹಾಗೆ ಕಟ್ಟಿದೆ. ಭಾವ ಮೆಟ್ಟಿಲ ಹತ್ತಿರ ಹೋಗಿ ಆ ಕಂಬದ್ದನ್ನು ಕಟ್ಟಿ, ಅಲ್ಲೇ ನಿಂತ. ಉಳಿದವರು ನೋಡಿ, ತಂತಮ್ಮ ಜಾಗಕ್ಕೆ ಹೋಗಿ ಹಗ್ಗಕ್ಕೆ ಒರಗಿದರು. ಸೂಪರ್‌ವೈಸರ್ ಬಂದು ಎರಡೂ ಗಂಟುಗಳನ್ನು ಒದ್ದು ನೋಡಿ, ಭೇಷ್ ಎಂದ.

ಬಿಸಿಲು ನೆತ್ತಿಗೆ ಬಂದಾಗ ಅತಿಥಿಗಳ ಇನ್ನೊಂದು ತಂಡ ಬಂತು. ಹಿಂದಿನ ಜನ ಮುಂದಿನ ಜನರನ್ನು ಹಗ್ಗಕ್ಕೆ ಒತ್ತಿದರು. ಮುದುಕರೊಬ್ಬರು ಹಗ್ಗದ ಮೇಲೆ ಒಣಹಾಕಿದ ಬಟ್ಟೆಯಂತೆ ಬಾಗಿದ್ದರು. ಬಾಯಿ ತೆರೆದಿತ್ತು, ಧ್ವನಿ ಇರಲಿಲ್ಲ. ಪಕ್ಕದಲ್ಲಿ ನಿಂತ ನಮ್ಮವರು ಹಗ್ಗವನ್ನು ಜಗ್ಗಿದರು. ಒಂದು, ಎರಡು, ಮೂರು. ಹಗ್ಗ ಅಲುಗಲಿಲ್ಲ. ಆದರೆ ಕೈ ಅಲುಗಿದ್ದು ನಮಗೆ ಕಂಡಿತು.

ನಾನು ಬಾಲ ಎಳೆದೆ. ಆ ಕಡೆ ಭಾವನೂ ಎಳೆದ.

ಮುದುಕರು ಜಮಖಾನದ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದರು. ಬೆಕ್ಕು ಅವರ ಪಕ್ಕ ಬಂದು ಕೂತಿತು. ಸೂಪರ್‌ವೈಸರ್ ಬೆವರು ಒರೆಸಿಕೊಳ್ಳುತ್ತಾ ಬಂದ.

"ಯಾರು ಬಿಟ್ಟಿದ್ದು?"

ಭಾವ ತಲೆ ಕೆರೆದುಕೊಂಡ. "ಕಂಬ ಸಾರ್."

ಸೂಪರ್‌ವೈಸರ್ ಪಕ್ಕದವನನ್ನು ಕೇಳಿದ. ಅವನೂ ಕಂಬ ಅಂದ. ಅವನ ಪಕ್ಕದವನೂ ಕಂಬ ಅಂದ. ಕೇಳುತ್ತಾ ಕೇಳುತ್ತಾ ನನ್ನವರೆಗೆ ಬಂದ. ನಾನು ವಯಸ್ಸಿನಲ್ಲಿ ಹಿರಿಯ, ಸುಳ್ಳು ಹೇಳಲಾರೆ ಎಂದು ಅವನ ಲೆಕ್ಕ.

"ಒಂದಲ್ಲ ಸಾರ್, ಎರಡೂ ಬಿಟ್ಟವು. ನಿನ್ನೆಯ ಕಾನೂನು ಇವತ್ತೂ ಇದ್ದರೆ, ನಾಳೆಯಿಂದ ಬರಬೇಡಿ ಅಂತ ಅವಕ್ಕೆ ಹೇಳಿ."

ಸಂಜೆಯೊಳಗೆ ನಮ್ಮೆಲ್ಲರನ್ನೂ ಕೆಲಸದಿಂದ ತೆಗೆದರು. ಕಂಬಗಳು ಮಾತ್ರ ಇನ್ನೂ ಕೆಲಸದಲ್ಲಿವೆ.

ಹಗ್ಗ ಸುತ್ತಿಟ್ಟು ಹೋಗಿ ಎಂದಿದ್ದರು. ಜನ ಕರಗಿ ಅಂಗಳ ಖಾಲಿಯಾಗಿತ್ತು. ಈ ತುದಿ ಹಿಡಿದು ಸುತ್ತತೊಡಗಿದೆ. ಆ ತುದಿ ಮೆಟ್ಟಿಲ ಹಿಂದೆ ಮರೆಯಾಗಿತ್ತು. ಸುತ್ತುತ್ತಿದ್ದಂತೆ ಅಲ್ಲಿಂದ ಮೆಲ್ಲಗೆ ಒಂದು ಎಳೆತ ಬಂತು.

ಕಲ್ಲಿಗೆ ಸಿಕ್ಕಿಕೊಂಡಿರಬಹುದು. ನಾನು ಹೋಗಿ ನೋಡಲಿಲ್ಲ. ಅಲ್ಲೇ ನಿಂತು, ಈ ಕಡೆಯಿಂದ ಒಮ್ಮೆ ಮೆಲ್ಲಗೆ ಎಳೆದೆ.